ಹೋಗಿ ಬರುತ್ತೇವೆ

ನಮ್ಮ ಕಡೆ ಮನೆಯಿಂದ ಹೊರಡುವವರು "ಹೋಗುತ್ತೇನೆ" ಎನ್ನುವುದಿಲ್ಲ. ಹಾಗೆನ್ನುವುದು ಅಮಂಗಳವೆಂದು ಹಿರಿಯರ ನಂಬಿಕೆ. ಬೀದಿಯ ತುದಿಯ ಅಂಗಡಿಗೆ ಕೊತ್ತಂಬರಿ ಸೊಪ್ಪು ತರಲು ಹೊರಟರೂ "ಹೋಗಿ ಬರುತ್ತೇನೆ" ಎಂದೇ ಹೇಳಬೇಕು. ಮಗು ಮರೆತು ಬರಿಯ "ಹೋಗ್ತೀನಿ" ಎಂದರೆ, ಅಜ್ಜಿ ಅದನ್ನು ಹೊಸಿಲಿನಿಂದ ಹಿಂದಕ್ಕೆ ಕರೆದು, ಸರಿಯಾಗಿ ಹೇಳಿಸಿ ಕಳುಹಿಸುತ್ತಾಳೆ. ಇದೆಲ್ಲ ಹೆಂಗಸರ ಶಾಸ್ತ್ರವೆಂದು ನಾನು ಬಹುಕಾಲ ನಕ್ಕದ್ದುಂಟು. ಆದರೆ ಅಮೆರಿಕದ ಸರಕಾರವೂ ಹೆಚ್ಚು ಕಡಿಮೆ ಇದೇ ಶಾಸ್ತ್ರವನ್ನು ಪಾಲಿಸುತ್ತದೆಂದೂ, ಹೊಸಿಲು ದಾಟುವ ಮುನ್ನ "ಹೋಗಿ ಬರುತ್ತೇನೆ" ಎಂದು ಬರೆದುಕೊಡದೆ ಹೋದವರನ್ನು ಮತ್ತೆ ಒಳಗೆ ಬಿಡಲು ಹಿಂದೆಮುಂದೆ ನೋಡುತ್ತದೆಂದೂ ಈಚಿನ ವರ್ಷಗಳಲ್ಲಿ ನಮ್ಮ ಮನೆತನಕ್ಕೆ ತಿಳಿದುಬಂದಿತು. ತಿಳಿದದ್ದು ತಡವಾಗಿ, ಅದಕ್ಕಾಗಿಯೇ ಈ ವಾರ ಆ ವಿಷಯವನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಪ್ರಸ್ತಾಪ ಬಂದದ್ದು ಕಳೆದ ಭಾನುವಾರ. ಯಲಹಂಕ ಉಪನಗರದ ನಮ್ಮ ಬೀದಿಯಲ್ಲೇ ಇರುವ ರಾಯರು ಬೆಳಗಿನ ಕಾಫಿಯ ಹೊತ್ತಿಗೆ ಒಂದು ದಪ್ಪನೆಯ ಲಕೋಟೆಯನ್ನು ಹಿಡಿದು ಬಂದರು. ರಾಯರು ಇಲ್ಲಿನ ರೈಲುಗಾಲಿ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರು. ಅವರ ಹಿರಿಯ ಮಗಳು ಟೆಕ್ಸಾಸ್ ಪ್ರಾಂತದಲ್ಲಿ ನೆಲೆಸಿ, ಆ ದೇಶದ ಪ್ರಜೆಯಾಗಿ, ತಂದೆ ತಾಯಿಗಳಿಬ್ಬರಿಗೂ ಖಾಯಂ ವಾಸದ ಹಕ್ಕನ್ನು, ಅಂದರೆ ಎಲ್ಲರೂ ಹೇಳುವ ಗ್ರೀನ್ ಕಾರ್ಡನ್ನು, ಮಾಡಿಸಿಕೊಟ್ಟಿದ್ದಾಳೆ. ದಂಪತಿಗಳು ಎರಡು ತಿಂಗಳ ಹಿಂದೆ ಇಲ್ಲಿಗೆ ಬಂದಿದ್ದಾರೆ. ಕಿರಿಯ ಮಗಳ ಮದುವೆ ಕೂಡಿಬಂದಿದೆ. ಮನೆಯ ಮಹಡಿ ಸೋರುತ್ತದೆ. ರಾಯರ ತಾಯಿಯವರಿಗೆ ತೊಂಬತ್ತು ದಾಟಿದೆ. ಇದನ್ನೆಲ್ಲ ಮುಗಿಸಿ ಹಿಂದಿರುಗಲು ಒಂದೂವರೆ ವರ್ಷವಾದರೂ ಬೇಕೆಂದು ಅವರ ಲೆಕ್ಕ.

"ಅಷ್ಟು ದಿನ ಹೊರಗಿರಬೇಕಾದರೆ ಮರುಪ್ರವೇಶದ ಪರವಾನಗಿ ಬೇಕಂತೆ. ಅಳಿಯ ಫೋನಿನಲ್ಲಿ ಹೇಳಿದ" ಎಂದರು ರಾಯರು. "ಅದಕ್ಕೇನು, ಅಮೆರಿಕದ ದೂತಾವಾಸ ಈಗ ನಮ್ಮ ಬೆಂಗಳೂರಿಗೇ ಬಂದಿದೆಯಲ್ಲ. ನಾಳೆಯೇ ಬಸ್ಸು ಹಿಡಿದು ಹೋಗಿ ಅರ್ಜಿ ಕೊಟ್ಟು ಬರೋಣವೆಂದು ಕಾಗದಗಳನ್ನೆಲ್ಲ ಜೋಡಿಸಿಕೊಂಡಿದ್ದೇನೆ. ನೀವೊಮ್ಮೆ ನೋಡಿಕೊಡಿ."

2025ರ ಜನವರಿ 17ರಂದು ಬೆಂಗಳೂರಿನಲ್ಲಿ ಆ ದೂತಾವಾಸದ ಉದ್ಘಾಟನೆಯಾದ ಸುದ್ದಿಯನ್ನು ರಾಯರು ಪತ್ರಿಕೆಯಲ್ಲಿ ಓದಿದ್ದರು. ಉದ್ಘಾಟನೆಯ ದಿನ ಅಲ್ಲಿ ವೀಸಾ ಕೆಲಸವಿನ್ನೂ ಆರಂಭವಾಗಿರಲಿಲ್ಲ. ಆದರೆ ಮುಖ್ಯ ಮಾತು ಅದಲ್ಲ. ಈ ಪರವಾನಗಿಗೆ ಬೆಂಗಳೂರಿನಲ್ಲಿ ಮಾತ್ರವಲ್ಲ, ಚೆನ್ನೈ, ಮುಂಬಯಿ, ದೆಹಲಿ ಎಲ್ಲಿಯೂ ಅರ್ಜಿ ಹಾಕುವಂತಿಲ್ಲ. ಅರ್ಜಿ ಕೊಡುವ ದಿನ ಅರ್ಜಿದಾರನು ಅಮೆರಿಕದ ನೆಲದ ಮೇಲೆ ಖುದ್ದಾಗಿ ಇರಬೇಕು. ಹೊರಗೆ ಬಂದ ಮೇಲೆ "ಒಳಗೆ ಬರಲು ಅಪ್ಪಣೆ ಕೊಡಿ" ಎಂದು ಕೇಳುವ ದಾರಿ ಅದಲ್ಲ. ಒಳಗಿರುವಾಗಲೇ "ಹೊರಗೆ ಹೋಗಿ ಬರುತ್ತೇನೆ" ಎಂದು ತಿಳಿಸಬೇಕಾದ ದಾರಿ.

ಇದನ್ನು ಹೇಳಿದಾಗ ರಾಯರ ಮುಖ ಇಳಿಯಿತು. ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು, "ನಿಮಗೆ ಇಷ್ಟು ಖಚಿತವಾಗಿ ಹೇಗೆ ಗೊತ್ತು?" ಎಂದು ಕೇಳಿದರು. ಆಗ ನಾನು ಅವರಿಗೆ ನನ್ನ ಅಕ್ಕನ ಕಥೆಯನ್ನು ಹೇಳಬೇಕಾಯಿತು.

ಅಕ್ಕ ಭಾವ ಇರುವುದು ಸಹಕಾರನಗರದಲ್ಲಿ. ಅವರ ಮಗ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಇಪ್ಪತ್ತು ವರ್ಷ ದಾಟಿತು. ಅವನೂ ಆ ದೇಶದ ಪ್ರಜೆಯಾದ. ಇಪ್ಪತ್ತೊಂದು ವರ್ಷ ತುಂಬಿದ ಅಮೆರಿಕದ ಪ್ರಜೆ ತನ್ನ ತಂದೆ ತಾಯಿಗಳಿಗಾಗಿ ಅರ್ಜಿ ಹಾಕಿದರೆ, ಉಳಿದವರಿಗಿರುವಂತೆ ವರ್ಷಕ್ಕೆ ಇಂತಿಷ್ಟೇ ಮಂದಿಯೆಂಬ ಮಿತಿ ಅವರಿಗಿಲ್ಲ. ಹೀಗೆ 2017ರಲ್ಲಿ ಅಕ್ಕ ಭಾವಂದಿರಿಗೆ ಕಾರ್ಡು ಬಂದಿತು. ಅದರ ಮೇಲೆ ಅಚ್ಚಾಗಿದ್ದ ಅವಧಿ ಹತ್ತು ವರ್ಷ. ಅಕ್ಕ ಅದನ್ನು ದೇವರ ಮನೆಯ ಬೆಳ್ಳಿ ಭರಣಿಯ ಪಕ್ಕದ ಡಬ್ಬದಲ್ಲಿ ಇಟ್ಟಿದ್ದಳು. "2027ರವರೆಗೆ ಚಿಂತೆಯಿಲ್ಲ" ಎಂದು ಅವಳು ನೆಂಟರಿಷ್ಟರ ಮುಂದೆ ಹೇಳಿದ್ದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ನಾವೆಲ್ಲರೂ ತಲೆಯಾಡಿಸಿದ್ದೆವು. ಆ ತಪ್ಪಿಗೆ ನಾವೆಲ್ಲರೂ ಪಾಲುದಾರರು.

2022ರ ನವೆಂಬರಿನಲ್ಲಿ ಒಂದು ಮದುವೆಗೆಂದು ಇಬ್ಬರೂ ಊರಿಗೆ ಬಂದರು. ನಾಲ್ಕು ತಿಂಗಳಿದ್ದು ಹಿಂದಿರುಗುವ ಯೋಚನೆ. ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಭಾವ ಸ್ನಾನದ ಮನೆಯಲ್ಲಿ ಕುಸಿದರು. ಹೆಬ್ಬಾಳದ ಬಳಿಯ ಒಂದು ಆಸ್ಪತ್ರೆಗೆ ಕೊಂಡೊಯ್ದೆವು. ಪಾರ್ಶ್ವವಾಯು, ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು, ಮಾತು ತೊದಲುತ್ತಿತ್ತು. ಮೂರು ವಾರಗಳ ತರುವಾಯ ಮನೆಗೆ ಕರೆತಂದೆವು. ಆಮೇಲೆ ದಿನವೂ ವ್ಯಾಯಾಮ, ಎಣ್ಣೆ ನೀವುವುದು, ತುತ್ತು ಮಾಡಿ ಉಣಿಸುವುದು. ಅಕ್ಕನಿಗೆ ಹಗಲು ಯಾವುದು, ರಾತ್ರಿ ಯಾವುದು ಎಂಬುದೇ ತಿಳಿಯದಂತಾಯಿತು. ಪಂಚಾಂಗ ನೋಡುವವರು ಯಾರು? ಕಾರ್ಡಿನ ಡಬ್ಬವನ್ನು ತೆರೆಯುವವರು ಯಾರು?

2024ರ ಫೆಬ್ರವರಿಯಲ್ಲಿ ಮಗ ಫೋನು ಮಾಡಿದ. ಸೊಸೆಗೆ ಮೇ ತಿಂಗಳಿನಲ್ಲಿ ಎರಡನೆಯ ಹೆರಿಗೆ. ಭಾವ ಅಷ್ಟು ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದರು. ಅಕ್ಕ ಒಂದೆರಡು ತಿಂಗಳ ಮಟ್ಟಿಗೆ ಬಂದು ಬಾಣಂತನ ಮಾಡಿಹೋಗಲಿ, ಭಾವ ನಮ್ಮ ಮನೆಯಲ್ಲಿರಲಿ ಎಂದು ಮಾತಾಯಿತು. ಅಕ್ಕ ಅಂಟಿನುಂಡೆಗೆ ಗೋಂದು, ಕೊಬ್ಬರಿ ತರಿಸಿದಳು. ಟಿಕೆಟು ಕೊಳ್ಳುವ ವೇಳೆಗೆ ಏಜೆಂಟನು ಒಂದು ಪ್ರಶ್ನೆ ಕೇಳಿದ: "ಅಮ್ಮ, ನೀವು ಅಮೆರಿಕ ಬಿಟ್ಟು ಎಷ್ಟು ತಿಂಗಳಾಯಿತು?" ಹದಿನೈದು ತಿಂಗಳಾಗಿತ್ತು.

ಕಾನೂನು ಹೇಳುವುದು ಹೀಗೆ. ಆ ಕಾರ್ಡನ್ನು ತೋರಿಸಿ ದೇಶದೊಳಕ್ಕೆ ಬರಬಹುದಾದದ್ದು, ಹೊರಗಿದ್ದ ಕಾಲ ಒಂದು ವರ್ಷಕ್ಕಿಂತ ಕಡಿಮೆಯಾಗಿದ್ದರೆ ಮಾತ್ರ. ಹತ್ತು ವರ್ಷವೆಂದು ಅಚ್ಚಾಗಿರುವುದು ಚೀಟಿಯ ಆಯುಷ್ಯವೇ ಹೊರತು ಹೊರಗಿರಲು ಕೊಟ್ಟ ರಜೆಯಲ್ಲ. ಆರು ತಿಂಗಳು ದಾಟಿದರೇ ಬಾಗಿಲಲ್ಲಿರುವ ಅಧಿಕಾರಿ ಹೊಸದಾಗಿ ಬಂದವರನ್ನು ಕೇಳುವಂತೆ ಪ್ರಶ್ನೆಗಳನ್ನು ಕೇಳಬಹುದು. ವರ್ಷ ದಾಟಿದ ಮೇಲೆ ಕಾರ್ಡು ಒಂದೇ ಸಾಲದು. ವಿಮಾನದ ಕಂಪೆನಿಯವರು ದೇವನಹಳ್ಳಿಯಲ್ಲೇ ತಡೆದು ನಿಲ್ಲಿಸಬಹುದು. ಏಕೆಂದರೆ ಕಾಗದ ಸರಿಯಿಲ್ಲದವರನ್ನು ಕೊಂಡೊಯ್ದರೆ ದಂಡ ತೆರಬೇಕಾದವರು ಅವರು.

ಇದನ್ನು ಮುಂದಾಗಿಯೇ ತಿಳಿದು ನಡೆದವರೂ ನಮ್ಮ ನಡುವೆ ಇದ್ದಾರೆ. ರವೀಂದ್ರನಾಥ ಠಾಕೂರ್ ನಗರದಲ್ಲಿ, ಅಂದರೆ ಜನ ಹೇಳುವ ಆರ್.ಟಿ. ನಗರದಲ್ಲಿ, ನನ್ನ ಸಹಪಾಠಿಯೊಬ್ಬರಿದ್ದಾರೆ. ಯಶವಂತಪುರದಲ್ಲಿದ್ದ ಅವರ ತಾಯಿಗೆ ಕೊನೆಗಾಲದ ಸೇವೆ ಮಾಡಬೇಕೆಂದು ಅವರು ಅಮೆರಿಕದಿಂದ ಹೊರಟರು. ಹೊರಡುವ ಮೊದಲು ಮಗಳ ಮನೆಯಲ್ಲಿ ಕುಳಿತು ಐ-131 ಎಂಬ ನಮೂನೆಯನ್ನು ತುಂಬಿ, ವಲಸೆ ಇಲಾಖೆಗೆ ಕಳುಹಿಸಿದರು. ಆ ಅರ್ಜಿಗೆ 2024ರ ಏಪ್ರಿಲಿನಲ್ಲಿ ಗೊತ್ತುಮಾಡಿದ ಶುಲ್ಕ 630 ಡಾಲರು. ಪ್ರಯಾಣಕ್ಕೆ ಅರವತ್ತು ದಿನ ಮುಂಚಿತವಾಗಿಯಾದರೂ ಅರ್ಜಿ ಹೋಗಬೇಕೆಂದು ಇಲಾಖೆಯ ಸಲಹೆ. ಹದಿನಾಲ್ಕರಿಂದ ಎಪ್ಪತ್ತೊಂಬತ್ತು ವರ್ಷದವರೆಗಿನವರು ಬೆರಳಚ್ಚು ಕೊಡಬೇಕು. ಅದಕ್ಕೆ ಕರೆ ಬರಲು ಕೆಲವು ವಾರಗಳು ಹಿಡಿಯುತ್ತವೆ. ಅಷ್ಟು ದಿನ ಅವರು ಅಲ್ಲಿಯೇ ಕಾದರು. ಬೆರಳಚ್ಚು ಕೊಟ್ಟ ಮೇಲೆ ಪರವಾನಗಿ ಕೈಗೆ ಬರುವವರೆಗೆ ಅಲ್ಲಿಯೇ ಕೂರಬೇಕಾಗಿಲ್ಲ. ರಹದಾರಿಯ ಪುಸ್ತಕದಂತೆಯೇ ಇರುವ ಆ ಚಿಕ್ಕ ಪುಸ್ತಕ ಅಲ್ಲಿನ ಮನೆಯ ವಿಳಾಸಕ್ಕೆ ಬರುವಂತೆ ಕೇಳಬಹುದು, ಅಥವಾ ಹೊರದೇಶದ ದೂತಾವಾಸಕ್ಕೆ ಕಳುಹಿಸುವಂತೆಯೂ ಕೇಳಬಹುದು. ನನ್ನ ಸ್ನೇಹಿತರದು ಮಗಳ ಮನೆಗೆ ಬಂದಿತು. ಅವಳು ಅದನ್ನು ಜೋಪಾನವಾಗಿ ಇಲ್ಲಿಗೆ ತಲುಪಿಸಿದಳು. ಇದು ಕೈಸೇರಲು ಬಹಳ ತಿಂಗಳುಗಳು ಹಿಡಿಯುವುದುಂಟೆಂಬುದನ್ನು ಮರೆಯಬಾರದು. ವರ್ಷ ದಾಟಿದ ಮೇಲೆ ಹಿಂದಿರುಗುವವರ ಕೈಯಲ್ಲಿ ಬರಿಯ ಅರ್ಜಿಯ ರಸೀದಿಯಿದ್ದರೆ ಸಾಲದು, ಪುಸ್ತಕವೇ ಇರಬೇಕು.

ಆ ಪರವಾನಗಿಯ ಅವಧಿ ಸಾಮಾನ್ಯವಾಗಿ ಕೊಟ್ಟ ದಿನದಿಂದ ಎರಡು ವರ್ಷ. ಅದನ್ನು ಮುಂದುವರಿಸಿಕೊಡುವ ಪದ್ಧತಿಯಿಲ್ಲ. ಮತ್ತೆ ಬೇಕಾದರೆ ಮತ್ತೆ ಅಲ್ಲಿಗೆ ಹೋಗಿ ಹೊಸದಾಗಿ ಬೇಡಬೇಕು. ಕಳೆದ ಐದು ವರ್ಷಗಳಲ್ಲಿ ನಾಲ್ಕು ವರ್ಷಕ್ಕೂ ಮೀರಿ ಹೊರಗಿದ್ದವರಿಗೆ ಸಾಮಾನ್ಯವಾಗಿ ಒಂದೇ ವರ್ಷದ್ದು ದೊರೆಯುತ್ತದೆ. ಇನ್ನೊಂದು ಸೂಕ್ಷ್ಮವುಂಟು. ಈ ಪುಸ್ತಕವು ಬಾಗಿಲು ತೆರೆಯುತ್ತದೆಂಬ ಪ್ರಮಾಣಪತ್ರವಲ್ಲ. "ಈತ ಹೊರಗಿದ್ದ ಕಾಲವನ್ನೇ ನೆಪಮಾಡಿ, ಮನೆಯನ್ನು ಬಿಟ್ಟುಬಿಟ್ಟನೆಂದು ತೀರ್ಮಾನಿಸಬೇಡಿ" ಎಂಬಷ್ಟು ಮಾತ್ರ ಅದರ ಬಲ. ಒಳಗೆ ಬಿಡುವ ಬಿಡದ ಅಧಿಕಾರ ನಿಲ್ದಾಣದಲ್ಲಿ ಕುಳಿತ ಅಧಿಕಾರಿಯದೇ. ಆದುದರಿಂದ ನನ್ನ ಸ್ನೇಹಿತರು ಅಲ್ಲಿನ ಬ್ಯಾಂಕಿನ ಖಾತೆಯನ್ನು ಮುಚ್ಚಲಿಲ್ಲ. ಅಲ್ಲಿನ ವರಮಾನ ತೆರಿಗೆಯ ಲೆಕ್ಕವನ್ನು ತಪ್ಪದೆ ಒಪ್ಪಿಸಿದರು. ವಾಹನ ನಡೆಸುವ ಪರವಾನಗಿಯನ್ನು ಇಟ್ಟುಕೊಂಡರು. ತಾಯಿಯ ವರ್ಷಾಬ್ದಿಕ ಮುಗಿಸಿ ಇಪ್ಪತ್ತನೆಯ ತಿಂಗಳಲ್ಲಿ ಹಿಂದಿರುಗಿದಾಗ, ಅಧಿಕಾರಿ ಎರಡೇ ಪ್ರಶ್ನೆ ಕೇಳಿ ಒಳಗೆ ಬಿಟ್ಟನಂತೆ.

ಈ ಏರ್ಪಾಡಿಗೆ ಒಂದು ಶತಮಾನದ ಇತಿಹಾಸವಿದೆ. 1924ರಲ್ಲಿ ಅಮೆರಿಕದವರು ಮಾಡಿದ ವಲಸೆ ಕಾನೂನಿನ ಹತ್ತನೆಯ ಕಲಮಿನಲ್ಲಿ, ತಾತ್ಕಾಲಿಕವಾಗಿ ಹೊರಗೆ ಹೋಗುವವರಿಗೆ ಮರುಪ್ರವೇಶದ ಪರವಾನಗಿ ಕೊಡಬಹುದೆಂದು ಹೇಳಿದೆ. ಅದೇ ಕಾನೂನು ನಮ್ಮಂತಹ ಏಷ್ಯದ ಜನ ನೆಲೆಸಲು ಬರುವುದನ್ನು ಬಹುಮಟ್ಟಿಗೆ ತಡೆದುಬಿಟ್ಟಿತ್ತು. 1946ರಲ್ಲಿ ಭಾರತೀಯರಿಗೆ ವರ್ಷಕ್ಕೆ ನೂರು ಮಂದಿಯಂತೆ ಬಾಗಿಲು ತೆರೆಯಿತು. 1965ರ ಕಾನೂನಿನಿಂದ ದೇಶವಾರು ಹಂಚಿಕೆಯ ಹಳೆಯ ಪದ್ಧತಿ ಹೋಗಿ ದಾರಿ ಅಗಲವಾಯಿತು. ಇಂದು ಯಲಹಂಕದಿಂದ ಹೆಬ್ಬಾಳದವರೆಗೆ, ಮಕ್ಕಳನ್ನು ಆ ದೇಶಕ್ಕೆ ಕಳುಹಿಸಿದ ಮನೆಗಳಿಲ್ಲದ ಬೀದಿಯನ್ನು ಕಾಣುವುದು ಕಷ್ಟ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಪ್ರಯಾಣ ನಮ್ಮ ಪಾಲಿಗೆ ನೆರೆಯೂರಿಗೆ ಹೋದಂತಾಗಿದೆ. 2021ರ ಜನವರಿಯಲ್ಲಿ ಸಾನ್‌ಫ್ರಾನ್ಸಿಸ್ಕೋದಿಂದ ಎಲ್ಲಿಯೂ ಇಳಿಯದೆ ನೇರವಾಗಿ ಬೆಂಗಳೂರಿಗೆ ಮೊದಲ ವಿಮಾನ ಬಂದಿತು. ಅದನ್ನು ನಡೆಸಿದವರೆಲ್ಲರೂ ಮಹಿಳೆಯರೇ. ಪ್ರಯಾಣ ಹೀಗೆ ಸುಲಭವಾದಷ್ಟೂ, ಕಾಗದದ ಕಟ್ಟುಪಾಡೂ ಸಡಿಲವಾಗಿರಬೇಕೆಂದು ನಾವು ಭಾವಿಸುತ್ತೇವೆ. ಅಲ್ಲಿಯೇ ಎಡವುವುದು.

ಕಟ್ಟುಪಾಡು ಅಮೆರಿಕಕ್ಕೆ ಮಾತ್ರ ಸೇರಿದ್ದೂ ಅಲ್ಲ. ಜಪಾನಿನಲ್ಲಿ ನೆಲೆಸಿರುವ ಪರದೇಶದವರು ಮೊದಲು ಊರಿಗೆ ಹೋಗಿ ಬರಬೇಕಾದರೆ ಮುಂಚಿತವಾಗಿ ಮರುಪ್ರವೇಶದ ಅಪ್ಪಣೆ ಪಡೆಯಲೇಬೇಕಿತ್ತು. 2012ರ ಜುಲೈ 9ರಿಂದ, ವರ್ಷದೊಳಗೆ ಹಿಂದಿರುಗುವವರು ಹೊರಡುವಾಗ ನಿಲ್ದಾಣದ ಚೀಟಿಯಲ್ಲಿ "ಹಿಂದಿರುಗುತ್ತೇನೆ" ಎಂದು ಗುರುತು ಹಾಕಿದರೆ ಸಾಕೆಂದು ಮಾಡಿದರು. ಅಲ್ಲಿಯೂ ಹೇಳಬೇಕಾದದ್ದು ಹೊಸಿಲಿನ ಒಳಗೇ. ಸೌದಿ ಅರೇಬಿಯದಲ್ಲಿ ದುಡಿಯುವ ನಮ್ಮ ಕರಾವಳಿಯ ಜನ ರಜೆಗೆ ಬರಬೇಕಾದರೆ ಹೊರಹೋಗಿ ಮರಳುವ ವೀಸಾವನ್ನು ಮೊದಲೇ ಪಡೆದಿರಬೇಕು. ದುಬೈ, ಅಬುಧಾಬಿಗಳಿರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಆರು ತಿಂಗಳು ಹೊರಗಿದ್ದರೆ ಸಾಮಾನ್ಯ ವಾಸದ ಹಕ್ಕು ಬಿದ್ದುಹೋಗುತ್ತದೆ. ಆದರೆ 2023ರ ಆರಂಭದಲ್ಲಿ, ತಕ್ಕ ಕಾರಣವಿದ್ದವರು ಹೊರಗಿನಿಂದಲೇ ಮರುಪ್ರವೇಶವನ್ನು ಬೇಡಬಹುದೆಂದೂ, ಹೆಚ್ಚಿಗೆ ಹೊರಗಿದ್ದ ಪ್ರತಿ ಮೂವತ್ತು ದಿನಕ್ಕೆ ನೂರು ದಿರ್ಹಮ್ ದಂಡ ತೆರಬೇಕೆಂದೂ ಅವರು ನಿಯಮ ಮಾಡಿದರು. ಒಂದು ದೇಶದಲ್ಲಿ ದಂಡ ತೆತ್ತು ಸರಿಪಡಿಸಬಹುದಾದ ತಪ್ಪು ಇನ್ನೊಂದು ದೇಶದಲ್ಲಿ ಸರಿಪಡಿಸಲಾಗದ್ದು. ನೆರೆಮನೆಯವರ ಅನುಭವವನ್ನು ನಮ್ಮದಕ್ಕೆ ಹೊಂದಿಸುವ ಮುನ್ನ ಅವರ ಮಕ್ಕಳಿರುವುದು ಯಾವ ದೇಶದಲ್ಲಿ ಎಂದು ಕೇಳಿಕೊಳ್ಳಬೇಕು.

ನಾವೂ ಈ ವಿಷಯದಲ್ಲಿ ಕಡಿಮೆಯವರಲ್ಲ. ಸಮುದ್ರ ದಾಟಿ ಬಂದವನನ್ನು ಪ್ರಾಯಶ್ಚಿತ್ತವಿಲ್ಲದೆ ಪಂಕ್ತಿಗೆ ಸೇರಿಸದ ಕಾಲವೊಂದು ಈ ದೇಶದಲ್ಲಿತ್ತಲ್ಲವೆ? 1888ರಲ್ಲಿ ಗಾಂಧೀಜಿ ವಿಲಾಯತಿಗೆ ಹೊರಟಾಗ ಜಾತಿಯ ಹಿರಿಯರು ಅವರನ್ನು ಬಹಿಷ್ಕರಿಸಿದರು. 1891ರಲ್ಲಿ ಹಿಂದಿರುಗಿದಾಗ ಅಣ್ಣನ ಮಾತಿಗೆ ಒಪ್ಪಿ ನಾಸಿಕಕ್ಕೆ ಹೋಗಿ ಗೋದಾವರಿಯಲ್ಲಿ ಮಿಂದು, ಆಮೇಲೆ ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಬೇಕಾಯಿತು. ಅದೂ ಒಂದು ಮರುಪ್ರವೇಶದ ಪರವಾನಗಿಯೇ. ತೀರ ಈಚೆಗೆ, 2020ರ ಮಾರ್ಚಿಯಲ್ಲಿ, ಕೊರೋನಾ ಪಿಡುಗಿನ ಸಮಯದಲ್ಲಿ ನಮ್ಮ ಸರಕಾರವೂ ಸಾಗರೋತ್ತರ ಭಾರತೀಯರ ಜೀವಮಾನದ ವೀಸಾ ಸೌಕರ್ಯವನ್ನು ತಡೆಹಿಡಿದಿತ್ತು. ಮೇ 22ರಂದು ಕೆಲವರಿಗೆ ಸಡಿಲಿಸುವವರೆಗೆ, ಇಲ್ಲಿ ಹೆತ್ತವರು ಹಾಸಿಗೆ ಹಿಡಿದರೂ ಆ ಮಕ್ಕಳು ಬರುವಂತಿರಲಿಲ್ಲ. ಜೀವಮಾನವೆಂದು ಬರೆದ ಚೀಟಿಗೂ ಅಷ್ಟೇ ಬಲ. ಯಾರ ಅಪ್ಪಣೆಯೂ ಇಲ್ಲದೆ ಹಿಂದಿರುಗಬಹುದಾದ ನೆಲವೆಂದರೆ ತಾನು ಪ್ರಜೆಯಾಗಿರುವ ದೇಶವೊಂದೇ.

ಅಕ್ಕನ ಕಥೆಗೆ ಬರೋಣ. ಹದಿನೈದು ತಿಂಗಳಾಗಿದೆಯೆಂದು ತಿಳಿದ ರಾತ್ರಿ ಸಹಕಾರನಗರದ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಮಗ ಅಲ್ಲಿನ ಒಬ್ಬ ವಕೀಲರನ್ನು ಕಂಡು ಬಂದ. ಎರಡು ದಾರಿಗಳಿದ್ದವು. ಮೊದಲನೆಯದು, ಹಿಂದಿರುಗುವ ನಿವಾಸಿಯ ವೀಸಾ. ಎಸ್‌ಬಿ-1 ಎಂದು ಅದಕ್ಕೆ ಹೆಸರು. ಡಿಎಸ್-117 ಎಂಬ ನಮೂನೆಯಲ್ಲಿ ದೂತಾವಾಸವನ್ನು ಬೇಡಬೇಕು. ಹೊರಟಾಗ ಹಿಂದಿರುಗುವ ಉದ್ದೇಶವಿತ್ತು, ಆ ಉದ್ದೇಶ ಮುಂದೆಯೂ ಹಾಗೆಯೇ ಉಳಿಯಿತು, ತಡವಾದದ್ದು ತಮ್ಮ ಕೈಮೀರಿದ ಕಾರಣದಿಂದ ಎಂದು ಸಾಬೀತುಪಡಿಸಬೇಕು. ಆಸ್ಪತ್ರೆಯ ಕಾಗದಗಳಿದ್ದುವು, ಹಿಂದಿರುಗಲು ಕೊಂಡಿದ್ದ ಟಿಕೆಟುಗಳಿದ್ದುವು. ದೊರೆಯಬಹುದೆಂದು ವಕೀಲರು ಹೇಳಿದರು. ಆದರೆ ಅವರೇ ಒಂದು ಮಾತನ್ನೂ ಕೇಳಿದರಂತೆ: "ದೊರೆತ ಮೇಲೆ ಅವರು ವಾಸ ಮಾಡುವುದೆಲ್ಲಿ?"

ಎರಡನೆಯ ದಾರಿ, ಐ-407 ಎಂಬ ನಮೂನೆಗೆ ರುಜು ಹಾಕಿ ಖಾಯಂ ವಾಸದ ಹಕ್ಕನ್ನು ತಾವಾಗಿಯೇ ಬಿಟ್ಟುಕೊಟ್ಟು, ಆಮೇಲೆ ಸಂದರ್ಶಕರ ವೀಸಾ ಬೇಡುವುದು.

ಅಕ್ಕ ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆಸಿದಳು. ಭಾವನಿಗೆ ಗಂಜಿ ಕುಡಿಸುತ್ತಲೇ ಹೇಳಿದಳು: "ನೋಡಪ್ಪ, ವಕೀಲರು ಕೇಳಿದ್ದು ಸರಿಯಾಗಿದೆ. ಇವರು ಇನ್ನು ಅಷ್ಟು ದೂರದ ಪ್ರಯಾಣ ಮಾಡಲಾರರು. ಇವರನ್ನು ಬಿಟ್ಟು ನಾನು ಅಲ್ಲಿ ನೆಲೆಸಲಾರೆ. ನೆಲೆಸುವುದಿಲ್ಲವೆಂದ ಮೇಲೆ ನೆಲೆಸುತ್ತೇನೆಂದು ಸುಳ್ಳು ಬರೆದುಕೊಡುವುದೇಕೆ? ನಾನು ಆ ಮನೆಗೆ ಅಜ್ಜಿಯಾಗಿ ಹೋಗಿ ಬರುವವಳು. ಹಾಗೆಂದೇ ಕೇಳೋಣ." ಭಾವ ತೊದಲುತ್ತ ಏನೋ ಹೇಳಹೊರಟರು. ಅವರ ಕಣ್ಣಲ್ಲಿ ನೀರಿತ್ತು. ತನ್ನಿಂದ ಹೀಗಾಯಿತೆಂಬ ವ್ಯಥೆ ಇರಬೇಕು. ಅಕ್ಕ ಅವರ ಬಾಯಿ ಒರೆಸಿ, "ನೀವು ಸುಮ್ಮನಿರಿ" ಎಂದಳು.

ಇಬ್ಬರ ನಮೂನೆಗಳೂ ಅಂಚೆಯಲ್ಲಿ ಹೋದವು. ಅದಕ್ಕೆ ಶುಲ್ಕವೇನೂ ಇಲ್ಲ. ಬೆಲೆ ತೆತ್ತದ್ದು ಬೇರೆ ಬಗೆಯಲ್ಲಿ. ಮೇ ತಿಂಗಳಲ್ಲಿ ಹೆಣ್ಣು ಕೂಸು ಹುಟ್ಟಿದಾಗ ಅಕ್ಕ ಅಲ್ಲಿರಲಿಲ್ಲ. ಬಾಣಂತಿಗೆ ಮೆಣಸಿನ ಸಾರು ಮಾಡುವುದು ಹೇಗೆಂದು ಫೋನಿನ ಪರದೆಯ ಮುಂದೆ ಕುಳಿತು ಮಗನಿಗೆ ಹೇಳಿಕೊಟ್ಟಳು. ಅವನು ಮೆಣಸನ್ನು ಹುರಿದು ಹೊಗೆ ಎಬ್ಬಿಸಿದ್ದನ್ನು ನೋಡಿ ನಕ್ಕಳು. ಪರದೆ ಆರಿದ ಮೇಲೆ ಬಹಳ ಹೊತ್ತು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಮಾಡಿಟ್ಟ ಅಂಟಿನುಂಡೆಗಳನ್ನು ನಮ್ಮ ಬೀದಿಯ ಇನ್ನೊಬ್ಬ ಬಾಣಂತಿಗೆ ಕಳುಹಿಸಿದಳು.

ಆ ವರ್ಷದ ಕೊನೆಯಲ್ಲಿ ಚೆನ್ನೈಗೆ ಹೋಗಿ ಸಂದರ್ಶನ ಕೊಟ್ಟಳು. ಹಕ್ಕನ್ನು ಬಿಟ್ಟುಕೊಟ್ಟ ಕಾಗದವನ್ನು ತೋರಿಸಿದಳು. ವೀಸಾ ದೊರೆಯಿತು. ಅದರ ಮೇಲೂ ಹತ್ತು ವರ್ಷದ ತಾರೀಖು! ಆದರೆ ಈ ಸಲ ಅಕ್ಕ ಮೋಸಹೋಗಲಿಲ್ಲ. ಹತ್ತು ವರ್ಷ ಬಾಗಿಲು ತಟ್ಟುವ ಅವಕಾಶವಿದೆಯೆಂದಷ್ಟೇ ಅದರ ಅರ್ಥ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ನಿಲ್ದಾಣದ ಅಧಿಕಾರಿ ಪ್ರತಿ ಸಲವೂ ಗೊತ್ತುಮಾಡುತ್ತಾನೆ, ಸಾಮಾನ್ಯವಾಗಿ ಆರು ತಿಂಗಳೊಳಗೆ, ಎಂಬುದನ್ನು ಅವಳೇ ಈಗ ಬೇರೆಯವರಿಗೆ ಹೇಳುತ್ತಾಳೆ. 2025ರ ಮೇ ತಿಂಗಳಿನಲ್ಲಿ ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಹೋಗಿ ಆರು ವಾರವಿದ್ದು ಬಂದಳು. ಭಾವ ಅಷ್ಟು ದಿನ ನಮ್ಮ ಮನೆಯಲ್ಲಿದ್ದರು. ಕೋಲೂರಿಕೊಂಡು ನನ್ನ ಜೊತೆ ಯಲಹಂಕದ ಕೆರೆಯ ದಡದವರೆಗೂ ನಡೆದರು.

ಇಷ್ಟನ್ನೂ ಕೇಳಿದ ರಾಯರು ಬಹಳ ಹೊತ್ತು ಸುಮ್ಮನಿದ್ದರು. ನಾನೆಂದೆ: "ನಿಮಗಿನ್ನೂ ಕಾಲ ಮೀರಿಲ್ಲ. ಎರಡೇ ತಿಂಗಳಾಗಿದೆ. ಆರು ತಿಂಗಳಾಗುವ ಮೊದಲು ಇಬ್ಬರೂ ಅಲ್ಲಿಗೆ ಹೋಗಿ, ಅರ್ಜಿ ಕೊಟ್ಟು, ಬೆರಳಚ್ಚು ಒಪ್ಪಿಸಿ ಹಿಂದಿರುಗಿ. ಖರ್ಚು, ಓಡಾಟ ಉಂಟು, ನಿಜ. ಆದರೆ ಮದುವೆಯ ಗಡಿಬಿಡಿಯಲ್ಲಿ ಕಾರ್ಡನ್ನು ಕಳೆದುಕೊಳ್ಳುವುದಕ್ಕಿಂತ ಅದು ಲೇಸು. ಹನ್ನೊಂದು ತಿಂಗಳಿಗೊಮ್ಮೆ ಹೋಗಿ ಮುಟ್ಟಿ ಬಂದರೆ ಸಾಕೆಂದು ಕೆಲವರು ಹೇಳುತ್ತಾರೆ, ಅದನ್ನು ನಂಬಬೇಡಿ. ಹಾಗೆ ಮಾಡುವವರ ಮನೆ ನಿಜವಾಗಿ ಎಲ್ಲಿದೆಯೆಂದು ಅಧಿಕಾರಿಗಳು ಕೇಳಿಯೇ ಕೇಳುತ್ತಾರೆ."

"ಅಲ್ಲಿ ತಡೆದರೆ?" ಎಂದರು ರಾಯರು.

"ತಡೆದು, ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ರುಜು ಹಾಕಿ ಎಂದರೆ, ಅರ್ಥವಾಗದೆ ಹಾಕಬೇಡಿ. ಅದು ಒತ್ತಾಯಕ್ಕೆ ಹಾಕತಕ್ಕ ರುಜುವಲ್ಲ. ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆಯಾಗಲಿ ಎಂದು ಕೇಳುವ ಹಕ್ಕು ನಿಮಗುಂಟು."

ಇನ್ನೂ ಒಂದು ಮಾತನ್ನು ಅವರಿಗೆ ಹೇಳಿದೆ, ವಾಚಕರಿಗೂ ಹೇಳುತ್ತೇನೆ. ಕಾರ್ಡು ಹೊಂದಿದವರು ಇಲ್ಲಿನ ಪಿಂಚಣಿ, ಇಲ್ಲಿನ ಬ್ಯಾಂಕಿನ ಬಡ್ಡಿ ಎಲ್ಲವನ್ನೂ ಅಲ್ಲಿನ ತೆರಿಗೆಯ ಲೆಕ್ಕದಲ್ಲಿ ತೋರಿಸಬೇಕು. ಮರುಪ್ರವೇಶದ ಪರವಾನಗಿ ಪಡೆದು ಹೊರಗಿದ್ದ ವರ್ಷಗಳು ಪ್ರಜೆಯಾಗಲು ಬೇಕಾದ ಸತತ ವಾಸದ ಲೆಕ್ಕವನ್ನು ಕಾಪಾಡುವುದಿಲ್ಲ. ಅಂದಮೇಲೆ ಮಕ್ಕಳು ಪ್ರೀತಿಯಿಂದ "ಕಾರ್ಡು ಮಾಡಿಸುತ್ತೇವೆ" ಎಂದಾಗ, ಬಂಧುಗಳ ಮುಂದೆ ಹೇಳಿಕೊಳ್ಳಲು ಚೆನ್ನಾಗಿರುತ್ತದೆಂದು ಒಪ್ಪಿಬಿಡಬಾರದು. ಗಂಡ ಹೆಂಡತಿ ಇಬ್ಬರೂ ಕುಳಿತು ಒಂದು ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕು: ನಾವು ಆ ಮನೆಗೆ ವಾಸಕ್ಕೆ ಹೋಗುವವರೋ, ನೋಡಿ ಬರಲು ಹೋಗುವವರೋ? ನೋಡಿ ಬರುವವರಿಗೆ ಸಂದರ್ಶಕರ ವೀಸಾ ಸಾಕು. ವಾಸಕ್ಕೆ ಹೋಗುವವರು, ಊರಿನಲ್ಲಿ ವರ್ಷಗಟ್ಟಲೆ ನಿಲ್ಲುವ ಪ್ರಮೇಯ ಬಂದರೆ, ಅಲ್ಲಿಂದ ಹೊರಡುವ ಮುನ್ನವೇ ಅಪ್ಪಣೆ ಪಡೆಯಬೇಕು. ನಿಯಮಗಳೂ ಶುಲ್ಕಗಳೂ ಆಗಾಗ ಬದಲಾಗುತ್ತವೆ. ಆದುದರಿಂದ ಅರ್ಜಿ ಹಾಕುವ ದಿನ ಇಲಾಖೆಯ ಪ್ರಕಟಣೆಯನ್ನು ಮಕ್ಕಳಿಂದ ಓದಿಸಿ ನೋಡುವುದು ಕ್ಷೇಮ.

ರಾಯರು ಲಕೋಟೆಯನ್ನು ಕಂಕುಳಲ್ಲಿ ಇರಿಸಿಕೊಂಡು ಎದ್ದರು. ಗೇಟಿನವರೆಗೆ ಹೋಗಿ ತಿರುಗಿ ನಿಂತರು. "ಹಾಗಾದರೆ ಮುಂದಿನ ತಿಂಗಳೇ ಒಮ್ಮೆ ಹೋಗಿ ಬರುತ್ತೇವೆ" ಎಂದರು. ಹೇಳಿದವರು ಒಂದು ಕ್ಷಣ ತಡೆದು, ತಮ್ಮಷ್ಟಕ್ಕೆ ನಕ್ಕರು. "ಹೋಗುವುದು ಎಲ್ಲಿಗೆ, ಬರುವುದು ಎಲ್ಲಿಗೆ ಎಂಬುದನ್ನು ಮೊದಲು ಮನೆಯಾಕೆಯನ್ನು ಕೇಳುತ್ತೇನೆ."

ಅವರ ಮನೆಯ ದೀಪ ಆ ರಾತ್ರಿ ಬಹಳ ಹೊತ್ತು ಉರಿಯುತ್ತಿತ್ತು.